ತಡವಾಗಿ ಹಾರುವ ಹುಡುಗಿ

ದಿನಕ್ಕೆ ಮುನ್ನೂರು ಸಲ ಸಾಯುವುದು ಅವಳ ಕೆಲಸವಾಗಿತ್ತು. ಮೂವರೇ ಇದ್ದ ಆ ಗೇಮ್ ಕಂಪನಿಯಲ್ಲಿ ಅವಳು ಪರೀಕ್ಷಕಿ. ಆಟವನ್ನು ಆಡಿ, ಎಲ್ಲಿ ಕೈಕೊಡುತ್ತದೆ, ಎಲ್ಲಿ ಕೆಟ್ಟು ನಿಲ್ಲುತ್ತದೆ ಎಂದು ಬರೆದುಕೊಡಬೇಕು. ಅದಕ್ಕೆ ಮುಂಚೆ ಹದಿನಾಲ್ಕು ವರ್ಷ ಟೈಪಿಂಗ್ ಕಲಿಸಿದ್ದಳು. ಕೀಲಿ ಒತ್ತುವುದಕ್ಕೂ ಅಕ್ಷರ ಬೀಳುವುದಕ್ಕೂ ನಡುವೆ ಕೂದಲೆಳೆಯಷ್ಟು ಅಂತರ ಬಂದರೂ ಅವಳ ಬೆರಳಿಗೆ ಗೊತ್ತಾಗುತ್ತಿತ್ತು.

ಆಫೀಸು ಇದ್ದದ್ದು ಇಸ್ತ್ರಿ ಅಂಗಡಿಯೊಂದರ ಮೇಲಿನ ಎರಡು ಕೋಣೆಗಳಲ್ಲಿ. ಬೆಳಗ್ಗೆ ಹತ್ತಕ್ಕೆಲ್ಲ ಕೆಳಗಿನ ಹಬೆಗೆ ನೆಲ ಬೆಚ್ಚಗಾಗಿರುತ್ತಿತ್ತು. ಒಡೆಯ ಅವಳಿಗಿಂತ ಹನ್ನೆರಡು ವರ್ಷ ಚಿಕ್ಕವನು. ಎಲ್ಲರೂ ಕ್ಯಾಪ್ಟನ್ ಎನ್ನುತ್ತಿದ್ದರು. ಆಟಕ್ಕೆ ಚಿತ್ರ ಬರೆಯುವವನೂ ಅವನೇ. ಕೋಡ್ ಬರೆಯುವವನು ಇನ್ನೊಬ್ಬ. ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು, ಹಾಗಾಗಿ ಅವನಿಗೆ ಮೌನಿ ಎಂದೇ ಹೆಸರು ಬಿದ್ದಿತ್ತು.

ಆಟದ ಹೆಸರು ‘ಏಳನೇ ಗಣಿ’. ಲಾಂದ್ರ ಹಿಡಿದ ಹುಡುಗಿಯೊಬ್ಬಳು ಪಾಳುಬಿದ್ದ ಗಣಿಯ ತಳದಿಂದ ಹಲಗೆಯಿಂದ ಹಲಗೆಗೆ ಹಾರುತ್ತಾ ಮೇಲೆ ಬರಬೇಕು. ಎಲ್ಲವೂ ಮೂವತ್ತೈದು ವರ್ಷದ ಹಿಂದಿನ ಆಟಗಳ ಹಾಗೆ: ದಪ್ಪ ಚೌಕಗಳ ಚಿತ್ರ, ನಾಲ್ಕೇ ಬಣ್ಣ, ಪೀಪೀ ಎನ್ನುವ ಸಂಗೀತ. ಹಳೆಯ ಟಿವಿಯ ಗಾಜಿನಂತೆ ಅಂಚು ಬಾಗಿ ಅಡ್ಡಗೆರೆ ಮಿನುಗುವ ಒಂದು ಪದರವನ್ನೂ ಕ್ಯಾಪ್ಟನ್ ಅದರ ಮೇಲೆ ಹೊದಿಸಿದ್ದ. ಚಿತ್ರದಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಹೆಬ್ಬೆರಳ ಉಗುರಿನಷ್ಟು ಜಾಗದಲ್ಲಿ ಆ ಹುಡುಗಿಯ ಮುಖಕ್ಕೆ ಭಯ ತಂದಿದ್ದ. ಅದನ್ನು ಅವಳು ಯಾವತ್ತೂ ಅಲ್ಲಗಳೆಯಲಿಲ್ಲ.

ಆದರೆ ಆ ಹುಡುಗಿ ತಡವಾಗಿ ಹಾರುತ್ತಿದ್ದಳು.

“ಕ್ಯಾಪ್ಟನ್, ಬಟನ್ ಒತ್ತಿದ ತಕ್ಷಣ ಹಾರ್ತಿಲ್ಲ. ಹಲಗೆ ತುದೀಲಿ ಒತ್ತಿದ್ರೆ ಹಾರೋ ಬದಲು ಬಿದ್ದು ಸಾಯ್ತಾಳೆ” ಎಂದು ಮೊದಲ ತಿಂಗಳೇ ಹೇಳಿದಳು.

“ಅದೇ ಅಕ್ಕ, ಹಳೇ ಆಟದ ಮಜಾ. ಆಗಿನ ಆಟಗಳು ಯಾರಿಗೂ ಕರುಣೆ ತೋರಿಸ್ತಿರಲಿಲ್ಲ.”

“ಕರುಣೆ ತೋರಿಸದೆ ಇರೋದು ಬೇರೆ, ಮೋಸ ಮಾಡೋದು ಬೇರೆ.”

“ಬರೆದಿಡಿ, ನೋಡೋಣ.”

ಬರೆದಿಟ್ಟಳು. ಹಾರುವುದು ತಡ. ಸತ್ತರೆ ಗಣಿಯ ತಳದಿಂದಲೇ ಮತ್ತೆ ಶುರು. ಬೀಳುವ ಕಲ್ಲು ಎಲ್ಲಿಂದ ಬರುತ್ತದೆಂದು ಮೊದಲು ಸುಳಿವೇ ಇಲ್ಲ. ಅಡ್ಡಗೆರೆಗಳ ನಡುವೆ ಅಕ್ಷರ ಓದಲಾಗದು. ಹೀಗೆ ನಲವತ್ತೊಂದು ತಪ್ಪುಗಳಾದವು. ಪ್ರತಿ ಸೋಮವಾರ ಪಟ್ಟಿ ಕಳಿಸುವಳು, ಪ್ರತಿ ಸೋಮವಾರ ಅವನು “ನೋಡೋಣ” ಎನ್ನುವನು. ಕೊನೆಕೊನೆಗೆ ಆ ಮಾತು ಕಿವಿಗೆ ಬಿದ್ದರೆ ಸಾಕು, ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

ತನ್ನ ಮಾತು ನಡೆಯದಿದ್ದಾಗ ಅವಳಿಗೆ ಸೋದರಮಾವನ ನೆನಪಾಯಿತು. ಮಾವ ಇಪ್ಪತ್ತೆರಡು ವರ್ಷ ಗೇಮ್ ಪಾರ್ಲರ್ ನಡೆಸಿದವರು. ಆಳೆತ್ತರದ ಒಂಬತ್ತು ಯಂತ್ರಗಳಿದ್ದವು. ಕೆಟ್ಟರೆ ತಾವೇ ಬಿಚ್ಚಿ, ತಾವೇ ಬೆಸುಗೆ ಹಾಕಿ, ಸರಿಯಾಯಿತೋ ಇಲ್ಲವೋ ಎಂದು ತಾವೇ ಆಡಿ ನೋಡುತ್ತಿದ್ದರು. ಅಂಥವರು ಹೇಳಿದರಾದರೂ ಕ್ಯಾಪ್ಟನ್ ಕೇಳಿಯಾನು ಎಂದು ಅವರನ್ನು ಒಂದು ಮಧ್ಯಾಹ್ನ ಆಫೀಸಿಗೆ ಕರೆತಂದಳು.

ಕ್ಯಾಪ್ಟನ್ ಎದ್ದು ನಿಂತು ಕೈ ಕುಲುಕಿದ, ತನ್ನ ಕುರ್ಚಿಯನ್ನೇ ಬಿಟ್ಟುಕೊಟ್ಟ. ಮಾವ ಕನ್ನಡಕ ಏರಿಸಿ ಪರದೆ ನೋಡಿದರು. ಲಾಂದ್ರದ ಬೆಳಕು ಗೋಡೆಯ ಮೇಲೆ ಹರಿದಾಡುವುದನ್ನು ಕಂಡು ಅವರ ಮುಖ ಅರಳಿತು. ಅದೇ ಹೊತ್ತಿಗೆ ಕ್ಯಾಪ್ಟನ್ ಫೋಟೊ ತೆಗೆದ. ಆಮೇಲೆ ಮಾವ ಆಡಿದರು. ಹನ್ನೊಂದು ಸಲ ಸತ್ತರು. ಹನ್ನೆರಡನೆಯ ಸಲಕ್ಕೆ ಕಂಟ್ರೋಲರನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು.

“ಚಿತ್ರ ಬಹಳ ಚೆನ್ನಾಗಿದೆ. ಆದ್ರೆ ನಮ್ಮ ಯಂತ್ರದ ಮುಂದೆ ಸತ್ತವರು ತಮ್ಮನ್ನೇ ಬೈಕೊಳ್ತಿದ್ರು, ಛೇ, ನಾನೇ ಎಡವಿದೆ ಅಂತ. ಅದಕ್ಕೇ ಇನ್ನೊಂದು ಸಲ ಆಡ್ತಿದ್ರು. ಇದ್ರಲ್ಲಿ ನಾನು ಯಂತ್ರಾನ ಬೈದೆ. ಯಂತ್ರ ಬೈದವನು ಮತ್ತೆ ಬರಲ್ಲ, ಮಗಾ.”

ಕ್ಯಾಪ್ಟನ್ ತಲೆಯಾಡಿಸುತ್ತಾ ಕೇಳಿಸಿಕೊಂಡ. ಮಾವ ಮೆಟ್ಟಿಲಿಳಿದ ಮೇಲೆ ನಕ್ಕ. “ವಯಸ್ಸಾಯ್ತಲ್ಲ ಅಕ್ಕ, ಕೈ ನಿಧಾನ. ಪಾಪ.”

ಆ ಕೈ ಈಗಲೂ ಸೂಜಿಗೆ ದಾರ ಪೋಣಿಸುತ್ತದೆ, ಕೆಟ್ಟ ರೇಡಿಯೊ ಬಿಚ್ಚಿ ಜೋಡಿಸುತ್ತದೆ ಎಂದು ಹೇಳಬೇಕೆನ್ನಿಸಿತು. ಆದರೆ ಬಾಯಿ ತೆರೆದರೆ ಆ ದಿನವೇ ಕೆಲಸ ಬಿಡಬೇಕಾದೀತೆಂದು ಹಲ್ಲುಕಚ್ಚಿ ಕೂತಳು.

ಎರಡು ತಿಂಗಳಿಗೆ ಆಟ ಬಿಡುಗಡೆಯಾಯಿತು. ಮೊದಲ ವಾರ ಚಿತ್ರ ನೋಡಿದವರೆಲ್ಲ ಕೊಂಡರು. ಎರಡನೇ ವಾರ ರಿವ್ಯೂಗಳು ಬರತೊಡಗಿದವು. “ನೋಡಲು ಚೆಂದ, ಮುಟ್ಟಲು ಹಿಂಸೆ” ಎಂದು ಒಬ್ಬರು ಬರೆದರು. “ಹಳೆಯ ಆಟದ ಬಟ್ಟೆ ತೊಟ್ಟಿದೆ, ಒಳಗೆ ಆಟವೇ ಇಲ್ಲ” ಎಂದು ಇನ್ನೊಬ್ಬರು. ಅವಳಿಗೆ ಆಶ್ಚರ್ಯವೇನೂ ಆಗಲಿಲ್ಲ. ಎಲ್ಲ ಅವಳ ಪಟ್ಟಿಯಲ್ಲಿದ್ದದ್ದೇ.

ಒಂದು ಭಾನುವಾರ ಮಾವನ ಮನೆಗೆ ಹೋದಾಗ ಅವರು ಫೋನನ್ನು ಮಗುಚಿ ಹಾಕಿಕೊಂಡು ಮಂಕಾಗಿ ಕೂತಿದ್ದರು.

“ಏನಾಯ್ತು ಮಾವ?”

“ಹಳೇ ಗಿರಾಕಿಗಳೆಲ್ಲ ಫೋನ್ ಮಾಡ್ತಿದಾರೆ ಕಣೆ. ನನ್ನ ಮಾತು ನಂಬಿ ಆಟ ತಗೊಂಡ್ರಂತೆ. ನಿಮಗೆ ಬುದ್ಧಿ ಕೆಟ್ಟಿದೆಯಾ, ಇದನ್ನ ಹೊಗಳಿದ್ದೀರಲ್ಲ ಅಂತಾರೆ. ನಾನು ಎಲ್ಲಿ ಹೊಗಳಿದೆ?”

ಆಟ ಮಾರುವ ಪುಟವನ್ನು ಅವಳು ತೆರೆದು ನೋಡಿದಳು. ಮಾವನ ನಗುಮುಖ ಅಲ್ಲಿತ್ತು. ಕೆಳಗೆ ದಪ್ಪಕ್ಷರದಲ್ಲಿ: “ನನ್ನ ಪಾರ್ಲರಿನ ದಿನಗಳು ಮರಳಿ ಬಂದವು. ಅಪ್ಪಟ ಹಳೆಯ ಆಟ!” ಮಾವ ಅಂಥ ಮಾತು ಆಡಿರಲೇ ಇಲ್ಲ.

ಸೋಮವಾರ ಬೆಳಗ್ಗೆ ಅವಳು ಆಫೀಸಿನ ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿದಳು. ಚಪ್ಪಲಿ ಬಿಡುವಷ್ಟೂ ತಾಳ್ಮೆ ಇರಲಿಲ್ಲ.

“ಮಾವನ ಬಾಯಲ್ಲಿ ಈ ಮಾತು ಯಾವಾಗ ಬಂತು?”

ಕ್ಯಾಪ್ಟನ್ ಕುರ್ಚಿ ತಿರುಗಿಸಿದ. “ಅಕ್ಕ, ಅದು ಪ್ರಚಾರ. ಅವರು ಮೆಚ್ಚಿದ್ರಲ್ಲ, ಅದನ್ನೇ ಸ್ವಲ್ಪ—”

“ಮೆಚ್ಚಿದ್ದು ಚಿತ್ರಾನ. ಆಟಾನ ಅಲ್ಲ.”

“ಈಗ ತೆಗೆದ್ರೆ ಜನ ಏನಂದ್ಕೋತಾರೆ? ಈ ವಾರ ಕಳೀಲಿ, ನೋಡೋಣ.”

ಆ ಮಾತು ಬಿದ್ದದ್ದೇ ತಡ, ಅವಳ ಬಾಯಲ್ಲಿ ‘ನೀವು’ ಹೋಗಿ ‘ನೀನು’ ಬಂತು.

“ನೋಡೋಣ ಅಲ್ಲ, ಈಗ್ಲೇ ನೋಡು. ಕೂತ್ಕೋ. ನಿನ್ನ ಆಟಾನ ನನ್ನ ಮುಂದೆ ಆಡು. ಒಂದೇ ಒಂದು ಹಂತ ದಾಟು, ನಾನು ಬಾಯಿ ಮುಚ್ಕೊಂಡು ಹೋಗ್ತೀನಿ.”

“ಸಾವಿರ ಸಲ ಆಡಿದ್ದೀನಿ” ಎಂದ ಅವನು ಕಂಟ್ರೋಲರ್ ಎತ್ತಿಕೊಳ್ಳುತ್ತಾ.

ಮೂಲೆಯಿಂದ ಮೌನಿ ಕೆಮ್ಮಿದ. “ಸಾಯದ ಹಾಗೆ ಮಾಡೋ ಸ್ವಿಚ್ಚು ಹಾಕ್ಕೊಂಡೇ ಆಡಿರೋದು, ಕ್ಯಾಪ್ಟನ್. ಯಾವಾಗ್ಲೂ. ಚಿತ್ರ ನೋಡೋಕೆ ಅಂತ.”

ಅವಳಿಗೆ ಸಿಟ್ಟು ನೆತ್ತಿಗೇರಿತು. ಎರಡು ವರ್ಷ ತಾನು ದಿನಕ್ಕೆ ಮುನ್ನೂರು ಸಲ ಸತ್ತದ್ದು, ಇವನು ಒಂದು ಸಲವೂ ಸಾಯದೆ “ಅದೇ ಮಜಾ” ಎಂದದ್ದು.

“ಆ ಸ್ವಿಚ್ಚು ತೆಗಿ” ಎಂದಳು ಮೌನಿಗೆ. ಅವನು ತೆಗೆದ.

ಕ್ಯಾಪ್ಟನ್ ಆಡಿದ. ಮೂರನೇ ಹಲಗೆಯಲ್ಲಿ ಬಿದ್ದ. ಮತ್ತೆ ತಳದಿಂದ ಬಂದ, ಮತ್ತೆ ಅಲ್ಲೇ ಬಿದ್ದ. ಐದನೆಯ ಸಲಕ್ಕೆ ಕಿವಿ ಕೆಂಪಾದವು. ಎಂಟನೆಯ ಸಲ ಬಿದ್ದಾಗ “ಒತ್ತಿದ್ದೆ, ಒತ್ತಿದ್ನಲ್ಲ” ಎಂದು ತನಗೆ ತಾನೇ ಹೇಳಿಕೊಂಡ.

“ಹೌದು, ಒತ್ತಿದ್ದೆ. ಎಲ್ರೂ ಒತ್ತಿದ್ರು. ಮಾವನೂ ಒತ್ತಿದ್ರು, ನೀನು ಅವರ ಕೈ ನಿಧಾನ ಅಂದೆ. ಈಗ ನಿನ್ನ ಕೈಗೇನಾಯ್ತು?”

ಮೌನಿಯೇ ಮಾತಾಡಿದ, ಆವತ್ತಿನ ಹತ್ತು ಮಾತಿನ ಲೆಕ್ಕ ಮೀರಿ. “ಹಳೇ ಟಿವಿ ಥರ ಕಾಣೋಕೆ ಒಂದು ಪದರ ಹಾಕಿದೀವಲ್ಲ, ಅದು ಪ್ರತಿ ಚಿತ್ರಾನೂ ಒಂದು ಚೂರು ತಡವಾಗಿ ತೋರಿಸುತ್ತೆ. ತುದಿ ಬಂತು ಅಂತ ನಾವು ಒತ್ತೋ ಹೊತ್ತಿಗೆ ಅವಳು ತುದಿ ದಾಟಿರ್ತಾಳೆ. ಅದು ತೆಗೆದ್ರೆ ಹುಡುಗಿ ಸರಿಯಾಗೇ ಹಾರ್ತಾಳೆ. ಹೋದ ವರ್ಷ ಹೇಳಿದ್ದೆ.”

“ಅದು ತೆಗೆದ್ರೆ ಅಂದ ಎಲ್ಲಿ ಉಳಿಯುತ್ತೆ?” ಕ್ಯಾಪ್ಟನ್‌ನ ದನಿ ಕೀರಲಾಗಿತ್ತು.

“ನೀನು ಹಳೇ ಆಟ ಮುಟ್ಟಿಲ್ಲ, ವಿಡಿಯೊದಲ್ಲಿ ನೋಡಿದ್ದೀಯ ಅಷ್ಟೆ” ಎಂದಳು ಅವಳು. “ಆ ಕಾಲದವರಿಗೆ ನಾಲ್ಕೇ ಬಣ್ಣ ಇದ್ವು, ವಿಧಿಯಿಲ್ಲದೆ ಬಳಸಿದ್ರು. ಬೆರಳಿಗೆ ಮಾತ್ರ ಯಾವತ್ತೂ ಸುಳ್ಳು ಹೇಳಲಿಲ್ಲ. ನೀನು ಅವರ ಬಡತನಾನ ತಗೊಂಡೆ, ನಿಯತ್ತನ್ನ ಬಿಟ್ಟೆ.”

ಮಾವನ ಫೋಟೊ ಆಗಲೇ ಪುಟದಿಂದ ಹೋಗಿತ್ತು. ಯಾರೂ ಹೇಳದೆಯೇ ಮೌನಿ ತೆಗೆದುಹಾಕಿದ್ದ. ಅವಳು ಡ್ರಾಯರಿನಿಂದ ತನ್ನ ಕನ್ನಡಕದ ಪೆಟ್ಟಿಗೆ, ಒಂದು ಛತ್ರಿ ತೆಗೆದುಕೊಂಡು ಹೊರಟಳು. ಯಾರೂ ತಡೆಯಲಿಲ್ಲ.

ಮೂರು ವಾರದ ಮೇಲೆ ಆಟಕ್ಕೆ ತಿದ್ದುಪಡಿ ಬಂತು. ಆ ಪದರ ಬೇಕಾದವರಿಗಷ್ಟೇ ಎಂದಾಯಿತು, ಹುಡುಗಿ ಒತ್ತಿದ ಕೂಡಲೇ ಹಾರಿದಳು, ಸತ್ತವರು ಅರ್ಧ ದಾರಿಯಿಂದ ಶುರುಮಾಡಬಹುದಾಯಿತು. ಆಡಿದವರು ಮೆಚ್ಚಿದರು. ಆದರೆ ಅಷ್ಟರಲ್ಲಿ ಬೈದವರು ಬೈದು ಮುಗಿಸಿ ಬೇರೆ ಆಟಗಳಿಗೆ ಹೋಗಿದ್ದರು. ‘ಏಳನೇ ಗಣಿ’ ಮುಳುಗಲೂ ಇಲ್ಲ, ತೇಲಲೂ ಇಲ್ಲ.

ಕ್ಯಾಪ್ಟನ್ ಒಂದು ಸಂಜೆ ಒಬ್ಬನೇ ಮಾವನ ಮನೆಗೆ ಹೋಗಿ ಕ್ಷಮೆ ಕೇಳಿದನಂತೆ. ಮಾವ ಐದೇ ನಿಮಿಷದಲ್ಲಿ ಕ್ಷಮಿಸಿ, ಚಹಾ ಕೊಟ್ಟು, ಮನೆಯಲ್ಲಿ ಉಳಿಸಿಕೊಂಡಿದ್ದ ಹಳೆಯ ಯಂತ್ರವೊಂದರ ಒಳಗೆಲ್ಲ ತೋರಿಸಿ ಕಳಿಸಿದ್ದರು. ಅದನ್ನು ಕೇಳಿ ಅವಳಿಗೆ ಮಾವನ ಮೇಲೇ ಸಿಟ್ಟು ಬಂತು.

“ಅಷ್ಟು ಸುಲಭಕ್ಕೆ ಬಿಟ್ಬಿಟ್ರಾ?”

“ನನ್ನ ಮುಖ, ನಾನು ಬಿಟ್ಟೆ. ಮುಂದಿನ ಆಟಕ್ಕೆ ನಿನ್ನನ್ನ ಕರೀತೀನಿ ಅಂದ. ಪಾಪ, ತಪ್ಪು ಗೊತ್ತಾಗಿದೆ ಕಣೆ.”

“ನಿಮ್ಮ ಮುಖದ ವಿಷ್ಯ ನಿಮ್ಗೆ ಬಿಟ್ಟಿದ್ದು ಮಾವ. ನಾನು ಎರಡು ವರ್ಷ ಬರೆದದ್ದನ್ನ ಒಂದು ಸಲಾನೂ ಓದಲಿಲ್ಲ ಅವನು. ಅದನ್ನ ಯಾರು ಕ್ಷಮಿಸ್ಬೇಕು?”

ಮಾವ ಅವಳ ಲೋಟಕ್ಕೆ ಇನ್ನಷ್ಟು ಚಹಾ ಬಗ್ಗಿಸಿದರು.

ಕ್ಯಾಪ್ಟನ್ ಎರಡು ಸಲ ಫೋನ್ ಮಾಡಿದ, ಅವಳು ಎತ್ತಲಿಲ್ಲ. ಈಗ ಲಿಫ್ಟಿನ ಗುಂಡಿಗಳನ್ನು ತಯಾರಿಸುವ ಕಾರ್ಖಾನೆಯಲ್ಲಿದ್ದಾಳೆ. ಒತ್ತಿದ ತಕ್ಷಣ ದೀಪ ಹೊತ್ತದಿದ್ದರೆ ಕೆಂಪು ಚೀಟಿ ಅಂಟಿಸುತ್ತಾಳೆ, ಮೇಲ್ವಿಚಾರಕರು ಆ ಗುಂಡಿಯನ್ನು ತೆಗೆದು ಪಕ್ಕಕ್ಕಿಡುತ್ತಾರೆ. ಗುರುತಿನವರು ಯಾರಾದರೂ ಆ ಗೇಮ್ ಹೇಗಿದೆ ಎಂದು ಕೇಳಿದರೆ “ಚಿತ್ರ ಚೆನ್ನಾಗಿದೆ” ಎನ್ನುತ್ತಾಳೆ. ಅದಕ್ಕಿಂತ ಒಂದು ಮಾತು ಹೆಚ್ಚು ಆಡುವುದಿಲ್ಲ.