ನವೆಂಬರ್ ಪುಟ

ನಮ್ಮವರು ವೊಬ್ಬೆ, ಶಾಲೆಯಲ್ಲಿ ಭೂಗೋಳ ಪಾಠ ಮಾಡಿ ನಿವೃತ್ತರಾದವರು. ನಮ್ಮ ಡಚ್ ಭಾಷೆಯಲ್ಲಿ ಜಪಾನಿನವರ ಹಾಗೆ ಮೂರೇ ಸಾಲಿನ ಪದ್ಯ ಬರೆಯುವ ಹುಚ್ಚು ಅವರಿಗೆ. ಒಬ್ಬರಾದರೂ ತಮ್ಮ ಪದ್ಯವನ್ನು ಬಾಯಿಪಾಠ ಮಾಡಿಕೊಳ್ಳಲಿ ಎಂಬುದೊಂದೇ ಆಸೆ. ಪುಸ್ತಕ ಮಾಡಿಸಿದರು, ಅದು ನಮ್ಮ ಅಟ್ಟ ಹತ್ತಿ ಕೂತಿತು. ಹಸು ಸಾಕುವ ಅವರ ಅಕ್ಕ ರೆನ್ಸ್ಕೆಗಂತೂ ತಮಾಷೆ.

"ಮೂರೇ ಸಾಲಾ? ಮಿಕ್ಕಿದ್ದು ಯಾವಾಗ ಬರೀತೀಯೋ?"

ಊರಿನ ಸ್ಕೇಟಿಂಗ್ ಸಂಘದವರು ಹುಟ್ಟುಹಬ್ಬದ ಕ್ಯಾಲೆಂಡರಿಗೆ ತಿಂಗಳಿಗೊಂದರಂತೆ ಪದ್ಯ ಕೇಳಿದಾಗ ಇವರು ಸುತರಾಂ ಒಪ್ಪಲಿಲ್ಲ. ಪ್ರತಿ ವರ್ಷಕ್ಕೂ ಆಗುವಂತೆ ನೆಂಟರಿಷ್ಟರ ಹೆಸರು ಬರೆದಿಡುವ ಆ ಕ್ಯಾಲೆಂಡರನ್ನು ನಮ್ಮ ಕಡೆ ಎಲ್ಲರೂ ತೂಗುಹಾಕುವುದು ಕಕ್ಕಸಿನ ಬಾಗಿಲಿಗೆ. ಕೂತಾಗ ಕಣ್ಣೆದುರಿಗಿರುತ್ತದೆ, ಯಾರ ಹುಟ್ಟುಹಬ್ಬವೂ ಮರೆಯುವುದಿಲ್ಲ.

"ನನ್ನ ಪದ್ಯ ಅಲ್ಲಿಗಾ?"

"ಅಟ್ಟದಲ್ಲಿ ಇಲಿ ಓದೋದಕ್ಕಿಂತ ವಾಸಿ ಅಲ್ವೇನ್ರೀ," ಎಂದು ನಾನೇ ಕೊಟ್ಟುಬಿಟ್ಟೆ.

ಅಂದಿನಿಂದ ಇವರು ಯಾರ ಮನೆಗೆ ಹೋದರೂ ಕಕ್ಕಸಿನ ಕಡೆ ತಲೆ ಹಾಕುತ್ತಿರಲಿಲ್ಲ. ತಡೆದುಕೊಂಡು, ಆ ಕ್ಯಾಲೆಂಡರ್ ತೂಗುಹಾಕಲು ಬಿಡದ ನಮ್ಮ ಮನೆಗೆ ಓಡುತ್ತಿದ್ದರು. ನನಗೆ ನಗುವೂ ಬರುತ್ತಿತ್ತು, ಸಿಟ್ಟೂ ಬರುತ್ತಿತ್ತು.

ಈ ಮೇ ತಿಂಗಳಲ್ಲಿ ರೆನ್ಸ್ಕೆಯ ಹುಟ್ಟುಹಬ್ಬ. ಗಂಡ ಯೆಲ್ಲೆ ಚಳಿಗಾಲದಲ್ಲಿ ತೀರಿಕೊಂಡ ಮೇಲೆ ಇದೇ ಮೊದಲನೆಯದು. ನಾವೆಲ್ಲ ಕುರ್ಚಿಗಳನ್ನು ಸುತ್ತ ಹಾಕಿಕೊಂಡು ಕೇಕು ತಿನ್ನುತ್ತ ಕೂತಿದ್ದೆವು. ಇವರು ಕಾಫಿಯ ಮೇಲೆ ಕಾಫಿ ಕುಡಿದರು, ಬೆವರಿದರು, ಕೊನೆಗೆ ವಿಧಿಯಿಲ್ಲದೆ ಎದ್ದರು.

ವಾಪಸು ಬಂದಾಗ ಮುಖ ಗಂಟು ಹಾಕಿಕೊಂಡಿದ್ದರು. "ಅಕ್ಕಾ, ಮೇ ತಿಂಗಳಲ್ಲಿ ನವೆಂಬರ್ ಪುಟ ಇದೆ. ತಿರುವಿ ಹಾಕೋಕೂ ಬೇಜಾರಾ ನಿನಗೆ?"

ರೆನ್ಸ್ಕೆ ಕೇಕು ಕತ್ತರಿಸುತ್ತಲೇ ಇದ್ದಳು. "ಅದು ಯೆಲ್ಲೆ ಹುಟ್ಟಿದ ತಿಂಗಳು ಕಣೋ. ನಾನು ತಿರುವಲ್ಲ." ಆಮೇಲೆ, ಹಸುವಿನ ವಿಷಯ ಹೇಳುವ ದನಿಯಲ್ಲೇ ಹೇಳಿದಳು:

"ಹಾಲು ಕರೆದಾಯಿತು.
ಬಾಗಿಲ ಬಳಿ ಎರಡು ಜೊತೆ ಮರದ ಮೆಟ್ಟು,
ಒಂದರಲ್ಲಿ ಮಳೆನೀರು."

ಇವರದೇ ನವೆಂಬರ್ ಪದ್ಯ, ಒಂದಕ್ಷರ ತಪ್ಪಲಿಲ್ಲ. ಹಿತ್ತಲ ಬಾಗಿಲಲ್ಲಿ ಯೆಲ್ಲೆಯ ಮೆಟ್ಟು ಇನ್ನೂ ಇದ್ದುದನ್ನು ಬರುವಾಗ ನಾವೆಲ್ಲ ನೋಡಿದ್ದೆವು.

"ಅವನಿದ್ದಾಗ ಇಬ್ಬರೂ ಓದಿ ನಕ್ಕಿದ್ವಿ," ಎಂದಳು. "ಈಗ ದಿನಾ ಬೆಳಿಗ್ಗೆ ಅಲ್ಲೇ ಕೂತು, ಇದನ್ನ ಓದಿ, ಅತ್ತು, ಆಮೇಲೆ ಹಸು ಹತ್ರ ಹೋಗ್ತೀನಿ. ಮಕ್ಕಳು ಮೊಮ್ಮಕ್ಕಳು ತುಂಬಿರೋ ಮನೇಲಿ ಇನ್ನೆಲ್ಲಿ ಅಳಲಿ ಹೇಳು? ಚಿಲಕ ಇರೋದು ಅದೊಂದೇ ಬಾಗಿಲಿಗೆ."

ಇವರು ತಲೆ ತಗ್ಗಿಸಿಕೊಂಡು ಕೂತರು.

ಮಾರನೆಯ ದಿನ ನೋಡುತ್ತೇನೆ, ಸುತ್ತಿಗೆ ಮೊಳೆ ಹಿಡಿದು ನಮ್ಮ ಕಕ್ಕಸಿನ ಬಾಗಿಲೆದುರು ನಿಂತಿದ್ದಾರೆ. "ಆ ಕ್ಯಾಲೆಂಡರ್ ಎಲ್ಲಿಟ್ಟಿದ್ದೀಯೇ?" ಎಂದರು.