ಟಾರು ಮರಳೋ ಎಣ್ಣೆ ಮರಳೋ

ಗಣಿಯ ಪ್ರಯೋಗಶಾಲೆಯಲ್ಲಿ ಮರಳು ಪರೀಕ್ಷಿಸುವ ಅವಳು ಹೀಟರಿನ ಮೇಲಿಂದ ಡಬ್ಬಿ ಎತ್ತಿಕೊಂಡಳು. ಮುಚ್ಚಳ ಸಡಿಲವಾಗಿತ್ತು. ಒಳಗಿದ್ದ ಕರಿಮರಳನ್ನು ಬೆರಳಲ್ಲಿ ತಿಕ್ಕಿ ನೋಡಿದಳು. ತೇವದ ಸುಳಿವೇ ಇಲ್ಲ. ಉಳಿದ ಡಬ್ಬಿಗಳದ್ದೂ ಅದೇ ಕಥೆ. ಚಳಿಗೆ ಮರಳು ಕಲ್ಲಿನಂತೆ ಸೆಟೆದಿದೆ, ಸ್ವಲ್ಪ ಮೆತ್ತಗಾಗಲಿ ಎಂದು ಹೋದ ವಾರ ಅವುಗಳನ್ನು ಅಲ್ಲಿಟ್ಟವಳು ಅವಳೇ. ಆಮೇಲೆ ಪರೀಕ್ಷೆ ಮಾಡಿ, ಹೊಸ ಗುಂಡಿಯದ್ದು ಬರೀ ಟಾರು ಮರಳು ಎಂದು ತೀರ್ಪು ಕೊಟ್ಟವಳೂ ಅವಳೇ.

ಎಣ್ಣೆ ಮರಳು, ಟಾರು ಮರಳು ಎರಡೂ ಒಂದೇ ಎನ್ನುತ್ತವೆ ಪುಸ್ತಕಗಳು. ಟಾರು ಎನ್ನುವುದು ಹಳಬರ ಬಾಯಿಯ ಹೆಸರು. ಅದರಲ್ಲಿ ನಿಜವಾದ ಟಾರು ಚೂರೂ ಇಲ್ಲ. ಆದರೆ ಈ ಗಣಿಯ ಪ್ರಯೋಗಶಾಲೆಯದ್ದು ಬೇರೆಯೇ ಲೆಕ್ಕ. ಬಿಸಿನೀರಲ್ಲಿ ಕಲಕಿದಾಗ, ಎಣ್ಣೆ ತೆಗೆಯಲು ಬೇಕಾದ ಕರಿ ಅಂಟನ್ನು ಬಿಟ್ಟುಕೊಟ್ಟರೆ ಎಣ್ಣೆ ಮರಳು, ಜಪ್ಪಯ್ಯ ಎಂದರೂ ಬಿಡದಿದ್ದರೆ ಟಾರು ಮರಳು. ಬಿಡುವ ಮರಳಿನ ಒಂದೊಂದು ಕಾಳಿನ ಸುತ್ತಲೂ ಕಣ್ಣಿಗೆ ಕಾಣದಷ್ಟು ತೆಳುವಾದ ನೀರಿನ ಪೊರೆ ಇರುತ್ತದೆ. ಅಂಟು ಕೂರುವುದು ಅದರ ಮೇಲೆ. ಆ ನೀರು ಆರಿದರೆ ಅಂಟು ಕಾಳನ್ನೇ ಕಚ್ಚಿಕೊಳ್ಳುತ್ತದೆ, ಆಮೇಲೆ ಎಂಥ ಒಳ್ಳೆಯ ಮರಳೂ ಟಾರು ಮರಳಿನಂತೆಯೇ ಹಟ ಹಿಡಿಯುತ್ತದೆ.

ಗುಂಡಿ ಮುಚ್ಚುವ ತೀರ್ಮಾನ ನಾಳೆ. ಅಲ್ಲಿ ಅಗೆಯುವ ಯಂತ್ರ ನಡೆಸುವವನು ಅವಳ ಗಂಡ. ಮುಚ್ಚಿದರೆ ಅವನಿಗೂ ಅವನ ಜೊತೆಯವರಿಗೂ ಕೆಲಸವಿಲ್ಲ. ಸ್ವಂತ ಗಂಡನ ಗುಂಡಿಗೇ ಮಣ್ಣು ಹಾಕಿದಳಲ್ಲ, ನ್ಯಾಯ ಅಂದರೆ ಇದು ಎಂದು ಇಡೀ ಗಣಿ ಅವಳನ್ನು ಹೊಗಳಿತ್ತು. ಹೊಗಳಿದ ಬಾಯಿಗಳೇ ಈಗ ಏನನ್ನುತ್ತವೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಆ ರಾತ್ರಿ ವಿಷಯ ಕೇಳಿ ಗಂಡನೂ ಅದನ್ನೇ ಹೇಳಿದ. "ಸುಮ್ನಿದ್ಬಿಡು ಮಾರಾಯ್ತಿ. ಗಂಡನ್ನ ಉಳಿಸ್ಕೊಳ್ಳೋಕೆ ನಾಟಕ ಆಡ್ತಿದಾಳೆ ಅಂತಾರೆ. ನನಗೆ ಬೇರೆ ಕಡೆ ಕೆಲಸ ಸಿಗತ್ತೆ. ಹೋದ ಹೆಸರು ನಿನಗೆ ವಾಪಸ್ ಸಿಗಲ್ಲ."

"ತಪ್ಪು ನಂದು ಅಂತ ಗೊತ್ತಿದ್ದೂ ಬಾಯಿಗೆ ಬೀಗ ಹಾಕ್ಕೊಂಡ್ರೆ, ಆ ಹೆಸರು ತಗೊಂಡು ನೆಕ್ಕೋದಾ?"

ಮರುದಿನ ಸಭೆಯಲ್ಲಿ ಅವಳು ಎದ್ದುನಿಂತಳು. "ನಾನು ಪರೀಕ್ಷೆ ಮಾಡಿದ್ದು ಒಣಗಿದ ಮರಳನ್ನ. ಹೀಟರ್ ಮೇಲಿಟ್ಟು ಒಣಗಿಸಿದ್ದೂ ನಾನೇ."

ಮ್ಯಾನೇಜರು ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ "ನೋಡೋಣ, ನೋಡೋಣ" ಎಂದರು. ಮರಳು ತೊಳೆಯುವ ತೊಟ್ಟಿಯ ಮೇಲ್ವಿಚಾರಕ ಮಾತ್ರ ಸುಮ್ಮನಿರಲಿಲ್ಲ. ತನ್ನ ಕೈಗಡಿಯಾರವನ್ನೂ ನಂಬದೆ ಪಕ್ಕದವರನ್ನು ಗಂಟೆ ಕೇಳುವ ಆಸಾಮಿ. ಎಲ್ಲರೂ ಅವನನ್ನು ಅನುಮಾನಪ್ಪ ಎಂದೇ ಕರೆಯುತ್ತಿದ್ದರು.

"ಅದು ನಿಮ್ಮ ಯಜಮಾನರ ಗುಂಡಿ ಅಲ್ವಾ?" ಎಂದ.

ಕೋಣೆಯಲ್ಲಿ ಯಾರೋ ಕಿಸಕ್ಕೆಂದರು. ಅವಳು ಅನುಮಾನಪ್ಪನತ್ತ ತಿರುಗಿದಳು.

"ಹೌದು, ನನ್ನ ಗಂಡಂದೇ. ಅದಕ್ಕೇ ನಾನು ಮುಟ್ಟಲ್ಲ. ನೀವೇ ಹೋಗಿ ಹೊಸದಾಗಿ ಅಗೆಸ್ಕೊಂಡು ಬನ್ನಿ, ನೀವೇ ಕಲಕಿ. ನನ್ನ ನಂಬದೇ ಇರೋರೇ ಮಾಡ್ಬೇಕು ಇದನ್ನ."

ಎಂಥ ಗುಂಡಿಗೆ! ತಪ್ಪೊಪ್ಪಿಕೊಳ್ಳುವವರು ಹತ್ತು ಜನ ಸಿಕ್ಕಾರು. ಒಪ್ಪಿಕೊಂಡು, ತನ್ನನ್ನು ಆಡಿಕೊಳ್ಳುವವನ ಕೈಗೇ ತಕ್ಕಡಿ ಕೊಡುವವರು ಎಲ್ಲಿದ್ದಾರೆ?

ಮಧ್ಯಾಹ್ನ ಪ್ರಯೋಗಶಾಲೆಯ ಹೊರಗಿನ ಬೆಂಚಿನಲ್ಲಿ ಗಂಡ ಹೆಂಡತಿ ಕೂತಿದ್ದರು. ಅವಳ ಬಲಗೈ ತಾನೇ ಕಲಕುತ್ತಿರುವಂತೆ ಮಡಿಲಲ್ಲಿ ಆಡುತ್ತಿತ್ತು. ಬಾಗಿಲು ತೆರೆದು ಅನುಮಾನಪ್ಪ ಬಂದ. ಗಾಜಿನ ಪಾತ್ರೆಯನ್ನು ಎರಡೂ ಕೈಯಲ್ಲಿ ಜೋಪಾನವಾಗಿ ಹಿಡಿದಿದ್ದ. ಮೇಲೆ ದಪ್ಪನೆಯ ಕರಿ ನೊರೆ, ತಳದಲ್ಲಿ ತೊಳೆದಿಟ್ಟಂಥ ಬಿಳಿ ಮರಳು.

"ಬಿಟ್ಕೊಡ್ತು ಕಣಮ್ಮಾ," ಎಂದ, ತನ್ನ ಮನೆಯ ಸುದ್ದಿ ಹೇಳುವವನ ಹಾಗೆ.

ಗಂಡ ಎದ್ದೇಬಿಟ್ಟ. ಅವಳು ಪಾತ್ರೆಯನ್ನು ಬೆಳಕಿಗೆ ಹಿಡಿಸಿ, ಬಗ್ಗಿ, ಬಹಳ ಹೊತ್ತು ನೋಡಿದಳು.

"ಇದು ಒಂದು ಮೂಲೆ ಮರಳಾಯ್ತು. ಇನ್ನೊಂದು ಮೂಲೆದು?"

ಅನುಮಾನಪ್ಪ ತಾನು ಅಗೆಸಿ ತಂದಿದ್ದ ಇನ್ನೊಂದು ಡಬ್ಬಿಯ ಮರಳು ಕಲಕಲು ಒಳಗೆ ಹೋದ. ಬಾಗಿಲು ಮುಚ್ಚಿಕೊಂಡಿತು.

"ಅದು ಬಿಡದಿದ್ರೆ?" ಗಂಡ ಮೆಲ್ಲಗೆ ಕೇಳಿದ.

"ಬಿಡಲಿಲ್ಲ ಅಂತ ಹೇಳ್ತೀನಿ."

ಅವನು ಮತ್ತೆ ಕೂತ. ಚೀಲದಿಂದ ಬುತ್ತಿ ತೆಗೆದು, ಮುಚ್ಚಳಕ್ಕೆ ಅರ್ಧ ಬಡಿಸಿ, ಅವಳ ಕಡೆ ಸರಿಸಿದ.