ಕೆಂಪೋ ಬಿಳಿಯೋ

"ಕೆಂಪಾ, ಬಿಳೀದಾ? ಯಾವ್ದು ಕೊಡ್ಲಿ ಅಕ್ಕಾ?"

ಕುಪ್ಪುಸ್ವಾಮಿ ಸ್ಟೂಲಿನ ಮೇಲೆ ನಿಂತು ಎರಡೂ ಕೈಯಲ್ಲಿ ಒಂದೊಂದು ಬಾಟಲಿ ಹಿಡಿದಿದ್ದ. ರಾಬರ್ಟ್‌ಸನ್‌ಪೇಟೆಯ ಆ ಅಂಗಡಿಯ ಬೋರ್ಡಿನಲ್ಲಿ ‘ವೈನ್ಸ್’ ಎಂದು ದಪ್ಪ ಅಕ್ಷರದಲ್ಲಿ ಬರೆದಿದ್ದರೂ ಒಳಗಿದ್ದದ್ದೆಲ್ಲ ಬ್ರಾಂದಿ, ವಿಸ್ಕಿ, ರಮ್ಮು. ನಿಜವಾದ ವೈನಿಗೆ ಸಿಕ್ಕಿದ್ದು ಸೂರಿಗೆ ತಾಗುವ ಮೇಲಿನ ಹಲಗೆ ಮತ್ತು ಅದರ ಮೇಲಿನ ಧೂಳು. ಪುಷ್ಪ ತಲೆಯ ಮೇಲೆ ಸೆರಗೆಳೆದುಕೊಂಡು ರಸ್ತೆಗೆ ಬೆನ್ನು ಮಾಡಿ ನಿಂತಿದ್ದಳು. ಬೆಳಿಗ್ಗೆ ಹಸು ಕರೆದು, ಡೈರಿಗೆ ಹಾಲು ಹಾಕಿ, ಊರಿಂದ ಬಂಗಾರಪೇಟೆಗೆ ಆಟೋ, ಅಲ್ಲಿಂದ ಇಲ್ಲಿಗೆ ಬಸ್ಸು. ಇಷ್ಟೆಲ್ಲ ಆಗಿ ಬಂದವಳಿಗೆ ಇಂಥದೊಂದು ಪ್ರಶ್ನೆ ಕಾದಿರುತ್ತದೆಂದು ಹೊಳೆದೇ ಇರಲಿಲ್ಲ.

"ನಮ್ಮನೆಯೋರು ಇಲ್ಲೇ ತಗೋತಿದ್ರು. ಗೋಪಿನಾಥ್ ಅಂತ. ಬೆಂಗಳೂರಿನ ಟೈಲ್ಸ್ ಅಂಗಡೀಲಿ ಲೆಕ್ಕ ಬರೀತಿದ್ರು. ಶನಿವಾರ ಶನಿವಾರ ಬರೋರು."

"ಅಯ್ಯೋ, ಕಣ್ಣಾಡಿ ಸಾರಾ! ಕನ್ನಡಕ ಹಾಕ್ಕೊಂಡು ಬರೋರು!" ಕುಪ್ಪುಸ್ವಾಮಿ ಸ್ಟೂಲಿನಿಂದ ಇಳಿದ. "ಯಾಕೋ ಬರ್ತಾನೇ ಇಲ್ಲ ಅನ್ಕೊಂಡೆ. ಈ ಊರಲ್ಲಿ ಇದನ್ನ ಕೇಳೋರು ಅವ್ರೊಬ್ರೇ ಅಕ್ಕಾ. ಅವ್ರಿಗೋಸ್ಕರಾನೇ ತರಿಸ್ತಿದ್ದೆ."

"ಯಾವ್ದು ತಗೊಳ್ಳೋರು?"

"ಒಂದ್ ವಾರ ಇದು, ಒಂದ್ ವಾರ ಅದು. ಎಪ್ಪಡಿ ಸಾರ್, ಹೆಂಗಿದೆ ಅಂತ ಕೇಳಿದ್ರೆ ಒಂದ್ ಗಂಟೆ ಹೇಳೋರು. ನಂಗೆಲ್ಲಿ ಟೈಮು?"

ತನಗೂ ಇರಲಿಲ್ಲ ಟೈಮು, ಎಂದುಕೊಂಡಳು ಪುಷ್ಪ. ಎರಡನ್ನೂ ಕೊಡಿ ಎಂದಳು. ಅವನು ಅವನ್ನು ಹಳೇ ತಮಿಳು ಪೇಪರಿನಲ್ಲಿ ಸುತ್ತಿಕೊಟ್ಟ. ಗೋಪಿನಾಥ ಹೋದದ್ದನ್ನು ಅವಳು ಬಾಯಿಬಿಟ್ಟು ಹೇಳಲಿಲ್ಲ. ಅವನೂ ಕೇಳಲಿಲ್ಲ. ಮಹಾಲಯ ಅಮಾವಾಸ್ಯೆಯ ಹಿಂದಿನ ದಿನ ಹೆಂಗಸೊಬ್ಬಳು ಒಬ್ಬಳೇ ಬಂದು ಬಾಟಲಿ ಕೇಳಿದರೆ ಅದು ಯಾತಕ್ಕೆಂದು ಆ ಕಡೆಯ ಯಾವ ಅಂಗಡಿಯವನಿಗೂ ತಿಳಿಯುತ್ತದೆ.

ಗಂಡ ಹೋಗಿ ವರ್ಷ ಕಳೆದಿತ್ತು. ಬೆಂಗಳೂರಿನಿಂದ ಬರುವ ರೈಲಿನಲ್ಲಿ ಕಿಟಕಿ ಪಕ್ಕ ಕೂತವನು ಕೂತ ಹಾಗೆಯೇ ಹೋಗಿದ್ದ. ಬಂಗಾರಪೇಟೆ ಬಂದಾಗ ಎಬ್ಬಿಸಲು ನೋಡಿದವರಿಗೆ ಗೊತ್ತಾದದ್ದು. ನಾಳೆ ಅವನಿಗೆ ಮೊದಲ ಎಡೆ. ಸತ್ತವರು ಬದುಕಿದ್ದಾಗ ಏನು ಇಷ್ಟಪಡುತ್ತಿದ್ದರೋ ಅದನ್ನೆಲ್ಲ ಎಲೆಯಲ್ಲಿ ಬಡಿಸಿ, ಬಾಗಿಲು ಮುಚ್ಚಿ, ಅವರು ಬಂದು ಉಣ್ಣುವ ತನಕ ಮನೆಯವರೆಲ್ಲ ಆಚೆ ಕೂತು, ಆಮೇಲೆ ಬಾಗಿಲು ತಟ್ಟಿ ಒಳಗೆ ಹೋಗಬೇಕು. ಬೀಡಿ ಸೇದುತ್ತಿದ್ದವರಿಗೆ ಬೀಡಿ, ಕುಡಿಯುತ್ತಿದ್ದವರಿಗೆ ಬಾಟಲಿ. ಇದರಲ್ಲಿ ಮುಚ್ಚುಮರೆ ಇಲ್ಲ.

ಟೈಲ್ಸ್ ಅಂಗಡಿಯವರು ಒಂದು ಸಲ ಎಲ್ಲರನ್ನೂ ನಂದಿಬೆಟ್ಟದ ಕಡೆಯ ದ್ರಾಕ್ಷಿ ತೋಟಕ್ಕೆ ಕರೆದುಕೊಂಡು ಹೋಗಿದ್ದೇ ಗೋಪಿನಾಥನಿಗೆ ಈ ವೈನಿನ ಹುಚ್ಚು ಹತ್ತಲು ಕಾರಣ. ಅಲ್ಲಿಂದ ಬಂದವನು ಎರಡು ಗಾಜಿನ ಲೋಟ ತಂದ. ಆಮೇಲಿನ ಶನಿವಾರಗಳಲ್ಲೆಲ್ಲ ಕೈಕಾಲು ತೊಳೆದು, ಅಡುಗೆಮನೆಯ ಹೊಸ್ತಿಲ ಮೇಲೆ ಕೂತು, ಲೋಟವನ್ನು ಬಲ್ಬಿನ ಬೆಳಕಿಗೆ ಹಿಡಿದು, ಮೂಗಿಗೆ ಹಿಡಿದು, ಆಮೇಲೆ ಬಾಯಿಗೆ. ಬಾಯಿಗೆ ಹೋದ ಮೇಲೆ ಮಾತು ಶುರು. "ಇದು ನೇರಳೆಕಾಯಿ ಕಚ್ಚಿದಂಗದೆ ಪುಷ್ಪ, ನಾಲಿಗೆ ಒಣಗೋಯ್ತದೆ." "ಇದ್ರಾಗೆ ಸೌತೆಕಾಯಿ ಎಚ್ಚಿದ ಚಾಕು ವಾಸ್ನೆ ಅದೆ ನೋಡು." "ಓದ್ ವಾರದ್ದು ಒಳ್ಳೇದಾಗಿತ್ತು, ಇದು ಬರೀ ಉಳಿ, ಬೆನ್ನೆಲುಬೇ ಇಲ್ಲ." ಪುಷ್ಪ ಮುದ್ದೆ ಕಟ್ಟುತ್ತಲೋ ಅವರೆಕಾಯಿ ಸುಲಿಯುತ್ತಲೋ ಹೂಂಗುಟ್ಟುತ್ತಿದ್ದಳು. ದ್ರಾಕ್ಷಿರಸಕ್ಕೆ ಬೆನ್ನೆಲುಬು ಎಲ್ಲಿಂದ ಬರಬೇಕು ಎಂದು ಕೇಳುವಷ್ಟು ಉಮೇದೂ ಅವಳಿಗಿರಲಿಲ್ಲ. ಬೆಳಗಿನ ಜಾವ ಎದ್ದು ಹಸುಗಳ ಕಾಲ ಬುಡದಲ್ಲಿ ಕೂರುವವಳಿಗೆ ಆ ಹೊತ್ತಿಗೆ ಬೇಕಾಗಿದ್ದದ್ದು ಚಾಪೆ ಮಾತ್ರ.

ಒಂದು ಶನಿವಾರ ಮಾತ್ರ ಅವನು ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, "ಸಿಕ್ತು ಪುಷ್ಪ, ನಾನು ಉಡುಕ್ತಿದ್ದದ್ದು ಇದೇ," ಎಂದಿದ್ದ. "ಸಯನೈಡ್ ದಿಬ್ಬದ ಮ್ಯಾಲೆ ಮಳೆ ಬಿದ್ದು ನಿಂತಾಗ ಬತ್ತದಲ್ಲ, ಆ ಗಾಳಿ ಅದೆ ಇದ್ರಾಗೆ." ಚಿನ್ನದ ಗಣಿಯವರು ಕಲ್ಲು ಅರೆದು ಚಿನ್ನ ತೆಗೆದ ಮೇಲೆ ಸುರಿದ ಬೂದಿಮಣ್ಣಿನ ಗುಡ್ಡ ಅದು. ಅಷ್ಟು ಮಾತು ಅವಳ ನೆನಪಿನಲ್ಲಿ ಅಚ್ಚೊತ್ತಿದಂತಿತ್ತು. ಲೋಟದಲ್ಲಿದ್ದದ್ದು ಕೆಂಪೋ ಬಿಳಿಯೋ, ಅದೊಂದು ಮಾತ್ರ ಎಷ್ಟು ತಡಕಾಡಿದರೂ ಸಿಕ್ಕುತ್ತಿರಲಿಲ್ಲ. ಅವಳು ಆವತ್ತು ತಲೆ ಎತ್ತಿ ನೋಡಿರಲೇ ಇಲ್ಲ.

ಅಮಾವಾಸ್ಯೆಯ ದಿನ ಗೋಪಿನಾಥನ ಅಣ್ಣ, ಭಾವ ಮುನಿಶಾಮಪ್ಪ ಬೇಗನೆ ಬಂದು ಮಾಂಸ ತಂದುಕೊಟ್ಟ. ಅಡುಗೆಮನೆಯ ಗೂಡಿನಲ್ಲಿದ್ದ ಬಾಟಲಿಗಳನ್ನು ನೋಡಿ ನಕ್ಕ.

"ಇದೇನಮ್ಮಾ ಇದು! ಗಂಡಸ್ರ ಎಡೆಗೆ ಇಕ್ಕೋದು ಬ್ರಾಂದಿ. ನಾನು ತಂದಿವ್ನಿ ಬಿಡು. ಈ ಕೆಮ್ಮಿನ ಔಷ್ದಿ ಯಾರಿಗೆ ಬೇಕು?"

"ಅವ್ರು ಬ್ರಾಂದಿ ಮುಟ್ಟಿದೋರಲ್ಲ ಬಾವಾ."

"ಸರಿ, ಎಲ್ಡ್ರಾಗೆ ಯಾವ್ದು ಇಕ್ತೀಯ ಅಂಗಾದ್ರೆ?"

ಪುಷ್ಪ ಸೌದೆ ಮುಂದಕ್ಕೆ ತಳ್ಳಿದಳು. ಎರಡನ್ನೂ ಇಟ್ಟುಬಿಟ್ಟರೆ ಆಯಿತು ಎಂದು ಬಸ್ಸಿನಲ್ಲೇ ಯೋಚಿಸಿದ್ದಳು. ಆದರೆ ಹಾಗೆ ಇಟ್ಟರೆ, ನಿನ್ನ ಮಾತು ನಾನು ಒಂದೂ ಕೇಳಿಸಿಕೊಳ್ಳಲಿಲ್ಲ ಎಂದು ಅವನ ಮುಖಕ್ಕೇ ಹೇಳಿದಂತೆ. ಇಷ್ಟು ವರ್ಷ ಸಂಸಾರ ಮಾಡಿ, ಕೊನೆಗೆ ಸಿಕ್ಕಿತು ಎಂದು ಅವನು ಖುಷಿಪಟ್ಟ ಒಂದೇ ಒಂದು ವಸ್ತು ಯಾವುದೆಂದು ಗೊತ್ತಿಲ್ಲದ ಹೆಂಡತಿ ತಾನು.

ಭಾವ ಬಾಳೆಎಲೆ ತರಲು ಹೋದ. ಅತ್ತೆ ಮುನಿನಾರಾಯಣಮ್ಮ ಹಿತ್ತಲಲ್ಲಿ ಸ್ನಾನಕ್ಕೆ ಕೂತಿದ್ದಳು. ಎಡೆಯ ಅಡುಗೆಯನ್ನು ಮಾಡುವವರು ರುಚಿ ನೋಡುವಂತಿಲ್ಲ. ಉಪ್ಪು ಖಾರ ಎಲ್ಲ ಕೈಯಂದಾಜು. ಹಿರಿಯರಿಗಿಂತ ಮುಂಚೆ ನಾಲಿಗೆಗೆ ತಾಕಿತೋ, ಎಂಜಲಾಯಿತು, ಅದು ಎಡೆಗೆ ಬರುವುದಿಲ್ಲ. ಮದುವೆಯಾಗಿ ಬಂದಂದಿನಿಂದ ಪುಷ್ಪ ಇದನ್ನು ಒಮ್ಮೆಯೂ ತಪ್ಪಿದವಳಲ್ಲ. ಈಗ ಕೆಂಪು ಬಾಟಲಿಯ ಮುಚ್ಚಳ ತಿರುಗಿಸಿ, ಗಾಜಿನ ಲೋಟಕ್ಕೆ ಒಂದು ಗುಟುಕು ಬಗ್ಗಿಸಿ, ಕಣ್ಣು ಮುಚ್ಚಿ ಬಾಯಿಗೆ ಹಾಕಿಕೊಂಡಳು.

ಒಗರು. ನಾಲಿಗೆ ಒಣಗಿತು, ದವಡೆ ಹಿಡಿಯಿತು. ನೇರಳೆಕಾಯಿ ಎಂದದ್ದು ಇದಕ್ಕೇ ಇರಬೇಕು. ಇದಲ್ಲ. ಬಾಯಿ ಮುಕ್ಕಳಿಸಿ ಇನ್ನೊಂದು ಲೋಟಕ್ಕೆ ಬಿಳಿಯದನ್ನು ಹಾಕಿದಳು. ಅದು ಮಾವಿನಕಾಯಿ ಸಿಪ್ಪೆಯಂತೆ ಚುರುಕಾಗಿ ಹುಳಿ. ಇದೂ ಅಲ್ಲ ಎಂದುಕೊಳ್ಳುವಷ್ಟರಲ್ಲಿ, ನುಂಗಿದ ಮೇಲೆ, ಗಂಟಲಿನ ಹಿಂದಿನಿಂದ ಏನೋ ಮೆಲ್ಲಗೆ ಎದ್ದು ಬಂತು. ನೆನೆದ ಕಲ್ಲು, ತಣ್ಣನೆಯ ಬೂದಿಮಣ್ಣು. ಮಳೆ ನಿಂತ ಮೇಲಿನ ಗಾಳಿ. ಬಿಳಿಯದು. ಅವನು ಹೇಳಿದ್ದು ಇದನ್ನೇ. ಪುಷ್ಪಳಿಗೆ ಅಳು ಬಂತು, ಸಂತೋಷವೂ ಆಯಿತು. ಮರುಗಳಿಗೆಯಲ್ಲಿ ಕೈಯಲ್ಲಿದ್ದ ಲೋಟ ಕಂಡಿತು. ಯಾವುದೆಂದು ತಿಳಿಯಿತು, ಆದರೆ ಇನ್ನು ಇಡುವಂತಿಲ್ಲ.

ಪಡಸಾಲೆಯಲ್ಲಿ ಫೋಟೋದ ಮುಂದೆ ಎಲೆ ಹಾಕಿ ಆಗಿತ್ತು. ಮುದ್ದೆ, ಸಾರು, ಹುರಿದ ಮಾಂಸ, ವಡೆ, ಪಕ್ಕದಲ್ಲಿ ಹೊಸ ಶರಟು. ಮುನಿನಾರಾಯಣಮ್ಮ ಸಾಂಬ್ರಾಣಿ ಹಾಕಿ, ಪ್ರತಿ ವರ್ಷ ಕೇಳುವುದನ್ನು ಈ ವರ್ಷವೂ ಕೇಳಿದಳು.

"ಯಾವ್ದನ್ನೂ ಬಾಯಿಗಿಕ್ಕಿಲ್ಲ ತಾನೆ?"

ಇಲ್ಲ ಅತ್ತೆ ಎಂದರೆ ಮುಗಿಯುತ್ತಿತ್ತು. ನೋಡಿದವರು ಯಾರೂ ಇರಲಿಲ್ಲ. ಆದರೆ ಫೋಟೋದಲ್ಲಿ ಕನ್ನಡಕ ಹಾಕಿಕೊಂಡು ಅವನು ನೋಡುತ್ತಿದ್ದ.

"ಅಡಿಗೆ ಮುಟ್ಟಿಲ್ಲ ಅತ್ತೆ. ಈ ಬಾಟ್ಲೀದ್ನ ಬಾಯಿಗಿಕ್ಕಿದೆ."

"ಯಾವುದ್ನ?"

"ಎಲ್ಡನ್ನೂ."

ಮುನಿಶಾಮಪ್ಪ ಮುಂದೆ ಬಂದ. "ಆಯ್ತಲ್ಲ, ಬ್ರಾಂದಿ ತೆಗೀತೀನಿ," ಎಂದು ಪಂಚೆಯ ಮಡಿಕೆಗೆ ಕೈ ಹಾಕಿದ.

"ಯಾಕಮ್ಮಾ ಅಂಗ್ ಮಾಡ್ದೆ?" ಅತ್ತೆಯ ದನಿಯಲ್ಲಿ ಸಿಟ್ಟಿಗಿಂತ ಆಯಾಸ ಹೆಚ್ಚಿತ್ತು. ಮಗನಿಗೆ ತಾಯಿ ಎಡೆಯಿಡುವುದೆಂದರೆ ಸಿಟ್ಟಿಗೂ ಶಕ್ತಿ ಉಳಿದಿರುವುದಿಲ್ಲ.

"ಅವ್ರು ಯಾವ್ದನ್ನ ಇಷ್ಟಪಟ್ರು ಅಂತ ನಂಗೆ ತಿಳೀಲಿಲ್ಲ ಅತ್ತೆ. ಏಳಿದ್ರು, ನಾನು ಕೇಳಿಸ್ಕೊಂಡಿರ್ಲಿಲ್ಲ. ಕುಡ್ದು ನೋಡ್ದೆ ಇದ್ರೆ ಎಂಗೆ ಗೊತ್ತಾಯ್ತದೆ?"

"ಗೊತ್ತಾಯ್ತಾ?"

"ಬಿಳೀದು."

ಮುದುಕಿ ಎಲೆಯ ಅಂಚು ಸರಿಮಾಡಿದಳು. ಆಮೇಲೆ, "ಅವನು ಉಂಡೆದ್ದ ಎಲೇಲಿ ನೀನು ಉಣ್ತಿರ್ಲಿಲ್ವಾ?" ಎಂದಳು. "ಅವನ ಎಂಜ್ಲು ನಿಂಗಾಗೋದು, ನಿನ್ನ ಎಂಜ್ಲು ಅವಂಗಾಗಲ್ವಾ? ಬಗ್ಗಿಸು."

"ಅದೆಂಗಮ್ಮಾ..." ಎಂದ ಮುನಿಶಾಮಪ್ಪ.

"ನೀನ್ ಸುಮ್ಕಿರ್ಲಾ."

ಬ್ರಾಂದಿ ಮತ್ತೆ ಮಡಿಕೆ ಸೇರಿತು. ಅದರಿಂದ ಮುನಿಶಾಮಪ್ಪನಿಗೆ ಅಂಥ ಬೇಜಾರಾದಂತೇನೂ ಕಾಣಲಿಲ್ಲ. ಪುಷ್ಪ ಲೋಟದ ಅರ್ಧಕ್ಕೆ ಬಿಳಿಯದನ್ನು ಬಗ್ಗಿಸಿ ಎಲೆಯ ಬಲಕ್ಕೆ ಇಟ್ಟಳು. ಮೂವರೂ ಆಚೆ ಬಂದು ಬಾಗಿಲು ಮುಂದೆ ಮಾಡಿದರು. ಜಗಲಿಯ ಮೇಲೆ ಬಿಸಿಲು ಅರ್ಧ ಬಂದಿತ್ತು.

"ಎಂಗಿರ್ತದಮ್ಮಾ ಅದು?" ಎಂದು ಕೇಳಿದಳು ಅತ್ತೆ, ಮೆಲ್ಲಗೆ.

ಪುಷ್ಪ ಯೋಚಿಸಿ ಹೇಳಿದಳು. "ಮೊದ್ಲು ಉಳಿ ಅತ್ತೆ. ಆಮ್ಯಾಕೆ, ಎಲ್ಲಾ ನುಂಗಿದ್ ಮ್ಯಾಲೆ, ಸಯನೈಡ್ ದಿಬ್ಬ ಮಳೇಲಿ ನೆಂದಂಗೆ."

ಮುನಿನಾರಾಯಣಮ್ಮ ತಲೆಯಾಡಿಸಿದಳು. "ಚಿಕ್ಕೋನಿದ್ದಾಗ ಅವರಪ್ಪನ ಜತೆ ಕೋರಮಂಡಲ್ ಲೈನಿಗೆ, ಗಣಿಯೋರ ಮನೆಗಳ್ಗೆ, ಆಲು ಆಕಕ್ಕೆ ಓಗೋನು. ಮಳೆ ಬಂದ್ರೆ ಆ ದಿಬ್ಬದ್ ಮ್ಯಾಲಿಂದ ಜಾರಿ ಜಾರಿ, ಮೈಯೆಲ್ಲಾ ಮೆತ್ಕೊಂಡ್ ಬರೋನು. ಬಡೀತಿದ್ದೆ." ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು.

ಒಳಗಿನ ಸಾಂಬ್ರಾಣಿಯ ಹೊಗೆ ಬಾಗಿಲ ಸಂದಿಯಿಂದ ಸಣ್ಣಗೆ ಬರುತ್ತಿತ್ತು. ಹಸಿದಿದ್ದ ಮುನಿಶಾಮಪ್ಪ ಎದ್ದು ಪಂಚೆ ಕೊಡವಿದ.

"ಆಗಿರ್ತದೆ ಇಷ್ಟೊತ್ಗೆ. ಬಾಗ್ಲು ತಟ್ಲಾ?"

"ಇನ್ನಾ ಸ್ವಲ್ಪ ಒತ್ತು ತಡೀರಿ ಬಾವಾ," ಎಂದಳು ಪುಷ್ಪ. "ಅವ್ರು ಬ್ಯಾಗ ಬ್ಯಾಗ ಕುಡಿಯೋರಲ್ಲ."

ಮುನಿಶಾಮಪ್ಪ ತಾಯಿಯ ಮುಖ ನೋಡಿದ. ಮುದುಕಿ ಪಕ್ಕಕ್ಕೆ ಸರಿದು ಜಾಗ ಬಿಟ್ಟಳು. ಅವನು ಮತ್ತೆ ಕೂತ.